ಐದು ದಿನ, ಎಂಟು ದೋಣಿ: ಚಿಕ್ಕ ಮಕ್ಕಳ ಜೊತೆ ದ್ವೀಪಕ್ಕೆ ಹೋಗೋ ಮುಂಚೆ ಒಂದು ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಚಿಕ್ಕದು ಮಾಡಲಾಗಿದೆ.)

ಯಶವಂತನಗರದಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರು, ಶಿಫ್ಟ್ ಮುಗಿಸಿ ಮನೆಗೆ ಹೋಗ್ತಾ ಇರೋರು, ಮಗೂನ ಮಲಗಿಸಿ ಈಗ ತಾನೇ ಮೊಬೈಲ್ ಹಿಡಿದಿರೋರು, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ದ್ವೀಪ. ಅಂಡಮಾನ್‌ದು ಒಂದು ರೀಲ್ ನೋಡಿರ್ತೀವಿ. ನೀಲಿ ನೀರು, ಬಿಳಿ ಮರಳು, ಟೋಪಿ ಹಾಕಿದ ಪುಟ್ಟ ಮಗು. ಕೆಳಗೆ ಪ್ಯಾಕೇಜ್ ರೇಟು. ನೋಡಿದ ತಕ್ಷಣ ಮನೇಲಿ ಮಾತು ಶುರು. ‘ಈ ಸಲ ಗೋವಾ ಬೇಡ, ದ್ವೀಪಕ್ಕೇ ಹೋಗೋಣ.’ ಆಮೇಲೆ ಅತ್ತೆ ಕೇಳೋ ಪ್ರಶ್ನೆ: ‘ಇಷ್ಟು ಸಣ್ಣ ಕೂಸನ್ನ ಕಟ್ಕೊಂಡು ಸಮುದ್ರದ ನಡುವೆ ಹೋಗ್ತೀರೇನು?’

ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆನೇ. ಉತ್ತರ ಮಾತ್ರ ‘ಹೋಗ್ಬೇಡಿ’ ಅಂತ ಅಲ್ಲ. ನಾನು ಬಿ.ಕಾಂ. ಓದಿರೋದ್ರಿಂದ ಯಾವುದನ್ನೇ ಆಗಲಿ ಮೊದಲು ಒಂದು ಹಾಳೆ ಮೇಲೆ ಬರೆದು ನೋಡ್ತೀನಿ. ದ್ವೀಪದ ಪ್ರವಾಸವನ್ನ ಹಂಗೆ ಬರೆದು ನೋಡಿದ್ರೆ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಹೋಟೆಲ್ ರೇಟೂ ಅಲ್ಲ, ವಿಮಾನದ ಟಿಕೆಟ್ಟೂ ಅಲ್ಲ. ಎಷ್ಟು ಸಲ ನೀರು ದಾಟ್ತೀರಿ ಅನ್ನೋದು. ಇಡೀ ಸಂಚಿಕೆಯಲ್ಲಿ ಅದೇ ಒಂದು ಅಂಕಿಯನ್ನ ಹಿಡ್ಕೊಂಡು ಹೋಗ್ತೀವಿ.

ಮೊದಲು ನಮ್ಮ ಗಡ್ಡಿಗೆ ಹೋಗಿ ಬರೋಣ

ನಮ್ಮ ಕಡೆಯವರಿಗೆ ದ್ವೀಪ ಹೊಸದಲ್ಲ. ನಾವು ಅದನ್ನ ‘ಗಡ್ಡಿ’ ಅಂತೀವಿ ಅಷ್ಟೇ. ಹಂಪಿ ಎದುರಿಗೆ ವಿರೂಪಾಪುರ ಗಡ್ಡಿ ಇದೆ. ಆನೆಗೊಂದಿ ಹತ್ರ ತುಂಗಭದ್ರೆಯ ನಡುವೆ ನವವೃಂದಾವನ ಇದೆ, ಒಂಬತ್ತು ಯತಿಗಳ ವೃಂದಾವನಗಳಿರೋ ಪುಟ್ಟ ನಡುಗಡ್ಡೆ. ಅಲ್ಲಿಗೆ ಹೋಗೋರಿಗೆ ಒಂದು ವಿಷಯ ಗೊತ್ತಿರುತ್ತೆ. ಡ್ಯಾಮ್‌ನಿಂದ ನೀರು ಬಿಟ್ಟಾಗ ದೋಣಿ ಇಲ್ಲ. ನೀವು ಎಷ್ಟು ದೂರದಿಂದ ಬಂದಿದ್ರೂ ಅಷ್ಟೇ, ಎಷ್ಟು ದುಡ್ಡು ಕೊಟ್ರೂ ಅಷ್ಟೇ. ದಡದಲ್ಲಿ ನಿಂತು ಕೈ ಮುಗಿದು ವಾಪಸ್.

ಸಮುದ್ರದ ದ್ವೀಪಕ್ಕೂ ಇದೇ ನಿಯಮ. ವ್ಯತ್ಯಾಸ ಏನು ಅಂದ್ರೆ ಗಡ್ಡಿಯಲ್ಲಿ ದಾಟೋದು ಕೆಲವು ನಿಮಿಷ, ಅಲ್ಲಿ ಗಂಟೆಗಟ್ಟಲೆ. ಗೋವಾ, ಗೋಕರ್ಣದಲ್ಲಿ ರಾತ್ರಿ ಮಗುವಿಗೆ ಜ್ವರ ಬಂದ್ರೆ ಕಾರ್ ತೆಗೆದು ಆಸ್ಪತ್ರೆಗೆ ಹೋಗ್ತೀರಿ. ದ್ವೀಪದಲ್ಲಿ ಆ ನಿರ್ಧಾರ ನಿಮ್ಮ ಕೈಯಲ್ಲಿ ಇರಲ್ಲ. ದೋಣಿಯ ಟೈಮ್, ಅಲೆ, ಗಾಳಿ, ಬಂದರಿನ ಅಧಿಕಾರಿಗಳ ಅನುಮತಿ, ಇಷ್ಟೂ ಸೇರಿ ನಿರ್ಧಾರ ಆಗುತ್ತೆ. ಅದಕ್ಕೇ ಚಿಕ್ಕ ಮಕ್ಕಳಿರೋರು ಬೀಚ್ ಫೋಟೋ ನೋಡೋಕೂ ಮುಂಚೆ ದೋಣಿ ಎಣಿಸ್ಬೇಕು.

ಎಣಿಸಿ ನೋಡ್ರಿ: ಅಂಡಮಾನ್

ಅಂಡಮಾನ್‌ದು ಸಾಮಾನ್ಯವಾಗಿ ಸಿಗೋ ಐದಾರು ದಿನದ ಪ್ಯಾಕೇಜ್ ತಗೊಳ್ಳೋಣ. ಹೆಸರುಗಳ ವಿಷಯದಲ್ಲಿ ಒಂದು ಸ್ಪಷ್ಟನೆ. ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ರು. ಹ್ಯಾವ್‌ಲಾಕ್, ನೀಲ್, ರಾಸ್ ದ್ವೀಪಗಳು 2018ರ ಡಿಸೆಂಬರ್‌ನಲ್ಲೇ ಸ್ವರಾಜ್ ದ್ವೀಪ, ಶಹೀದ್ ದ್ವೀಪ, ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ ಆದವು. ಬುಕಿಂಗ್ ಸೈಟ್‌ಗಳಲ್ಲಿ ಹಳೇದು ಹೊಸದು ಎರಡೂ ಸಿಗುತ್ತೆ, ಗಾಬರಿ ಆಗ್ಬೇಡಿ.

ಈಗ ಎಣಿಸಿ. ಶ್ರೀ ವಿಜಯಪುರಂನಿಂದ ಸ್ವರಾಜ್ ದ್ವೀಪಕ್ಕೆ ಫೆರಿ, ಒಂದು. ಅಲ್ಲಿಂದ ಎಲಿಫೆಂಟ್ ಬೀಚ್‌ಗೆ ಸ್ಪೀಡ್ ಬೋಟಲ್ಲಿ ಹೋಗೋದು ಬರೋದು, ಎರಡು ಮತ್ತು ಮೂರು. ಸ್ವರಾಜ್‌ನಿಂದ ಶಹೀದ್ ದ್ವೀಪಕ್ಕೆ, ನಾಲ್ಕು. ಅಲ್ಲಿಂದ ವಾಪಸ್ ಶ್ರೀ ವಿಜಯಪುರಂಗೆ, ಐದು. ಮಾರನೇ ದಿನ ರಾಸ್‌ಗೆ, ಆರು. ರಾಸ್‌ನಿಂದ ನಾರ್ತ್ ಬೇಗೆ, ಏಳು. ನಾರ್ತ್ ಬೇಯಿಂದ ಜೆಟ್ಟಿಗೆ, ಎಂಟು.

ಎಂಟು ದೋಣಿ! ಪ್ರತಿ ದೋಣಿಗೂ ಮುಂಚೆ ಬ್ಯಾಗ್ ಕಟ್ಟು, ಮಗುವಿಗೆ ತಿನ್ನಿಸು, ಡೈಪರ್ ಬದಲಿಸು, ಆಧಾರ್ ತೋರಿಸು, ಲೈನಲ್ಲಿ ನಿಲ್ಲು, ಹತ್ತು, ಇಳಿ. ಶ್ರೀ ವಿಜಯಪುರಂನಿಂದ ಸ್ವರಾಜ್‌ಗೆ ವೇಗದ ಖಾಸಗಿ ಫೆರಿಯಲ್ಲೇ ಒಂದೂವರೆ ಗಂಟೆ ಮೇಲೆ ಬೇಕು. ನವದಂಪತಿಗೆ ಇದು ಸಾಹಸ. ಎರಡು ವರ್ಷದ ಮಗು ಇರೋರಿಗೆ ಇದು ಐದು ದಿನದ ಲಗೇಜ್ ಡ್ಯೂಟಿ. ರಜೆ ಅಂತ ಹೋಗಿ ಮನೆಗಿಂತ ಹೆಚ್ಚು ಕೆಲಸ ಯಾರ ತಲೆ ಮೇಲೆ ಬೀಳುತ್ತೆ ಅಂತ ಬೇರೆ ಹೇಳ್ಬೇಕಿಲ್ಲ. ಹೆಚ್ಚಿನ ಮನೆಗಳಲ್ಲಿ ಅಮ್ಮನ ಮೇಲೆ.

ಈಗ ಅದೇ ಪ್ರವಾಸವನ್ನ ಎರಡು ದೋಣಿಗೆ ಇಳಿಸೋಣ. ಸ್ವರಾಜ್ ದ್ವೀಪಕ್ಕೆ ಹೋಗಿ, ಅಲ್ಲಿ ಒಂದೇ ಕಡೆ ಮೂರು ರಾತ್ರಿ ಇದ್ದು ಬನ್ನಿ. ರಾಧಾನಗರ ಬೀಚ್‌ಗೆ ರಸ್ತೆಯಲ್ಲೇ ಹೋಗಬಹುದು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಅಂದಿದ್ದು ಇದನ್ನೇ. ಊರಿಗೆ ಬಂದ್ಮೇಲೆ ಸೆಲ್ಯುಲಾರ್ ಜೈಲಿಗೂ ದೋಣಿ ಬೇಡ. ಬಾರಾಟಾಂಗ್ ಸುಣ್ಣದ ಗುಹೆ ಈ ಸಲ ಬಿಡಿ. ನಸುಕಿನಲ್ಲೇ ಎದ್ದು, ಜಾರವಾ ಮೀಸಲು ಪ್ರದೇಶದ ರಸ್ತೆಯಲ್ಲಿ ವಾಹನಗಳ ಸಾಲಿನಲ್ಲಿ ಸಾಗಿ, ಮತ್ತೆ ದೋಣಿ ಹತ್ತಬೇಕು. ಮಕ್ಕಳಿಗೆ ಅದು ದಂಡನೆ. ಗುಹೆ ಎಲ್ಲೂ ಹೋಗಲ್ಲ, ಮಕ್ಕಳು ದೊಡ್ಡವರಾದ್ಮೇಲೂ ಅಲ್ಲೇ ಇರುತ್ತೆ.

ಇನ್ನೊಂದು, ಯಾವ ಪ್ಯಾಕೇಜಲ್ಲೂ ಬರೆಯದ ವಿಷಯ. ಅಂಡಮಾನ್ ನಮಗಿಂತ ಸುಮಾರು 16 ಡಿಗ್ರಿ ರೇಖಾಂಶ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಒಂದು ಡಿಗ್ರಿಗೆ 4 ನಿಮಿಷ ಅಂದ್ರೆ ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆಗೂ ಸ್ವಲ್ಪ ಮುಂಚೆ ಇದ್ದಾನೆ. ಡಿಸೆಂಬರ್‌ನಲ್ಲಿ ಹೊಸಪೇಟೆಯಲ್ಲಿ 6 ಗಂಟೆ ಹತ್ರ ಮುಳುಗೋ ಸೂರ್ಯ ಅಲ್ಲಿ 5 ಗಂಟೆ ಹೊತ್ತಿಗೆ ಮುಳುಗ್ತಾನೆ. ಮೇ ತಿಂಗಳಲ್ಲಿ ಬೆಳಿಗ್ಗೆ 5ಕ್ಕೂ ಮುಂಚೆ ಹುಟ್ತಾನೆ. ಮಕ್ಕಳು ಬೆಳಕಿನ ಜೊತೆ ಏಳ್ತಾರೆ, ಗಡಿಯಾರದ ಜೊತೆ ಅಲ್ಲ. ಹಂಗಾಗಿ ಬೀಚ್ ಟೈಮ್ ಬೆಳಿಗ್ಗೆ 6ರಿಂದ 8ಕ್ಕೆ ಇಟ್ಕೊಳ್ಳಿ. ಮಧ್ಯಾಹ್ನ ರೂಮಲ್ಲಿ ನಿದ್ದೆ. ಸಂಜೆ ನಾಲ್ಕಕ್ಕೆ ಹೊರಟ್ರೆ ಒಂದೇ ಗಂಟೆ ಬೆಳಕು ಸಿಗೋದು.

2016ರ ಡಿಸೆಂಬರ್‌ನಲ್ಲಿ ಏನಾಯ್ತು

‘ದೋಣಿ ನಿಲ್ಲೋದೆಲ್ಲ ಅಪರೂಪ ಬಿಡ್ರಿ’ ಅನ್ನೋರಿಗೆ ಈ ಘಟನೆ. 2016ರ ಡಿಸೆಂಬರ್ ಮೊದಲ ವಾರ, ಸೀಸನ್ನಿನ ಹೊತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗಿ, ಅದು ಮುಂದೆ ವಾರ್ದಾ ಚಂಡಮಾರುತ ಆಯ್ತು. ಮಳೆ, ಗಾಳಿಗೆ ಫೆರಿಗಳು ನಿಂತವು. ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡ್ರು. ಕೊನೆಗೆ ನೌಕಾಪಡೆ, ಕರಾವಳಿ ಕಾವಲು ಪಡೆಯ ಹಡಗುಗಳು ಹೋಗಿ ಕರ್ಕೊಂಡು ಬಂದವು.

ಅವರೆಲ್ಲ ಉಳಿದು ಬಂದ್ರು. ಆದ್ರೆ ಆ ದಿನಗಳನ್ನ ಒಬ್ಬ ತಾಯಿಯ ಲೆಕ್ಕದಲ್ಲಿ ಯೋಚನೆ ಮಾಡಿ. ಹಾಲಿನ ಪುಡಿ ಎಷ್ಟು ದಿನಕ್ಕಿತ್ತು? ಡೈಪರ್ ಎಷ್ಟಿತ್ತು? ಮಗು ದಿನಾ ಕುಡಿಯೋ ಔಷಧಿ? ಮೊಬೈಲ್ ನೆಟ್‌ವರ್ಕ್? ಇದರಿಂದ ಮೂರು ಪಾಠ.

ಒಂದು, ವಿಮಾನದ ಹಿಂದಿನ ದಿನವೇ ದೊಡ್ಡ ದ್ವೀಪಕ್ಕೆ ವಾಪಸ್ ಬಂದುಬಿಡಿ. ಬೆಳಿಗ್ಗೆ ಫೆರಿ, ಮಧ್ಯಾಹ್ನ ವಿಮಾನ ಅಂತ ಪ್ಯಾಕೇಜಲ್ಲಿ ಬರೆದಿದ್ರೆ ಬದಲಿಸಿ ಕೊಡಿ ಅಂತ ಕೇಳಿ.

ಎರಡು, ಮಗುವಿನ ಸಾಮಾನು ಪ್ರವಾಸದ ದಿನಕ್ಕಿಂತ ಎರಡು ದಿನ ಹೆಚ್ಚಿಗೆ ಇರಲಿ. ರಾಗಿ ಸರಿ ಹಿಟ್ಟು, ಹಾಲಿನ ಪುಡಿ, ಓಆರ್‌ಎಸ್, ಜ್ವರದ ಔಷಧಿ.

ಮೂರು, ನಗದು. ಚೆನ್ನೈನಿಂದ ಅಂಡಮಾನ್‌ಗೆ ಸಮುದ್ರದ ತಳದಲ್ಲಿ ಸುಮಾರು 2,300 ಕಿಲೋಮೀಟರ್ ಕೇಬಲ್ ಎಳೆದು 2020ರ ಆಗಸ್ಟ್‌ನಲ್ಲಿ ಚಾಲೂ ಮಾಡಿದ್ರು. ಆಮೇಲೆ ಇಂಟರ್‌ನೆಟ್ ತುಂಬಾ ಸುಧಾರಿಸಿದೆ. ಆದ್ರೂ ಚಿಕ್ಕ ದ್ವೀಪಗಳಲ್ಲಿ ಎಲ್ಲ ಕಡೆ ಸಿಗ್ನಲ್ ಸಿಗುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. ಫೋನ್‌ಪೇ ಲೋಡ್ ಆಗ್ತಾ ತಿರುಗ್ತಾ ಇರುವಾಗ ಮಗು ಹಸಿವಿಗೆ ಅಳುತ್ತೆ. ಟಿಕೆಟ್, ಹೋಟೆಲ್ ರಸೀದಿ, ಮಗುವಿನ ಜನನ ಪ್ರಮಾಣಪತ್ರ ಎಲ್ಲ ಮೊಬೈಲಲ್ಲಿ ಡೌನ್‌ಲೋಡ್ ಮಾಡ್ಕೊಳ್ಳಿ, ಒಂದೊಂದು ಪ್ರಿಂಟೂ ಇರಲಿ.

ಎರಡನೇ ಹುಟ್ಟುಹಬ್ಬದ ಬೆಲೆ

ಈಗ ದುಡ್ಡಿನ ವಿಷಯ. ದೇಶದೊಳಗಿನ ವಿಮಾನದಲ್ಲಿ 2 ವರ್ಷ ತುಂಬದ ಮಗು ದೊಡ್ಡವರ ತೊಡೆ ಮೇಲೆ ಕೂತು ಹೋಗಬಹುದು. ಅದಕ್ಕೆ ಸೀಟಿನ ದರ ಇಲ್ಲ, ಒಂದು ನಿಗದಿತ ಶುಲ್ಕ ಮಾತ್ರ. 2 ತುಂಬಿದ ದಿನದಿಂದ ಸೀಟು ಬೇಕು.

ಒಂದು ಉದಾಹರಣೆ ಹಾಕೋಣ. ಗಂಡ, ಹೆಂಡತಿ, ಅತ್ತೆ, 5 ವರ್ಷದ ಮಗಳು, ಎರಡರ ಹತ್ರ ಇರೋ ಮಗ. ಬೆಂಗಳೂರಿನಿಂದ ಶ್ರೀ ವಿಜಯಪುರಂಗೆ ಒಂದು ಸೀಟಿಗೆ ಒಂದು ಕಡೆಗೆ 8,000 ರೂಪಾಯಿ ಅಂತ ಇಟ್ಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ, ನಿಜವಾದ ದರ ದಿನಕ್ಕೊಂದು ಇರುತ್ತೆ. ಮಗನಿಗೆ 2 ತುಂಬಿಲ್ಲ ಅಂದ್ರೆ ನಾಲ್ಕು ಸೀಟು, ಎರಡು ಕಡೆ, 64,000. ಮೇಲೆ ಮಗುವಿನ ಶುಲ್ಕ. 2 ತುಂಬಿದ್ರೆ ಐದು ಸೀಟು, 80,000. ಹೋಗುವಾಗ 2 ತುಂಬಿರಲಿಲ್ಲ, ಪ್ರವಾಸದ ನಡುವೆ ಹುಟ್ಟುಹಬ್ಬ ಬಂತು ಅಂದ್ರೆ? ವಾಪಸ್ ಬರುವಾಗ ಅವನಿಗೆ ಸೀಟು ತಗೋಬೇಕು, 72,000. ಬೀಚಲ್ಲಿ ಕೇಕ್ ಕತ್ತರಿಸೋ ಆಸೆಗೆ 8,000 ರೂಪಾಯಿ ಹೆಚ್ಚು.

ಹಾಗಂತ 2 ತುಂಬೋಕೂ ಮುಂಚೆನೇ ಓಡಿಹೋಗಿ ಅಂತ ನಾನು ಹೇಳ್ತಾ ಇಲ್ಲ. ಎರಡೂವರೆ ಗಂಟೆ ಆಸುಪಾಸಿನ ವಿಮಾನದಲ್ಲಿ ಒಂದೂಮುಕ್ಕಾಲು ವರ್ಷದ ಹುಡುಗ ತೊಡೆ ಮೇಲೆ ಸುಮ್ನೆ ಕೂರ್ತಾನಾ ಅಂತ ನೀವೇ ಯೋಚ್ನೆ ಮಾಡಿ. ಉಳಿಯೋ ದುಡ್ಡು ಎಷ್ಟು, ಅದಕ್ಕೆ ಪಡೋ ಪಾಡು ಎಷ್ಟು, ಎರಡನ್ನೂ ಎದುರುಬದುರು ಬರೆದು ನಿರ್ಧಾರ ಮಾಡಿ ಅಂತ ಅಷ್ಟೇ.

ರೈಲಿಗೆ ಬೇರೆ ನಿಯಮ. 5 ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಬರ್ತ್ ಕೇಳದಿದ್ರೆ ಟಿಕೆಟ್ ಬೇಡ. 5 ತುಂಬಿ 12ರೊಳಗಿದ್ರೆ, ಬರ್ತ್ ಬೇಕು ಅಂದ್ರೆ ಪೂರ್ತಿ ದರ, ಬೇಡ ಅಂದ್ರೆ ಅರ್ಧ. ಇದು 2016ರ ಏಪ್ರಿಲ್‌ನಿಂದ ಇರೋ ಪದ್ಧತಿ. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಬೆಂಗಳೂರಿಗೆ ಹೋಗ್ತೀರಿ ಅಂದ್ರೆ 5 ವರ್ಷದ ಮಗಳಿಗೆ ಬರ್ತ್ ತಗೊಳ್ಳೋದೇ ಒಳ್ಳೇದು. ಅವತ್ತು ರಾತ್ರಿ ಅವಳು ನಿದ್ದೆ ಮಾಡದಿದ್ರೆ ಮಾರನೇ ದಿನ ಯಾರಿಗೂ ನೆಮ್ಮದಿ ಇಲ್ಲ. ಬೆಂಗಳೂರಿಗೆ ಇಳಿದು ಅದೇ ಬೆಳಿಗ್ಗೆ ವಿಮಾನ ಹತ್ತೋ ಪ್ಲಾನ್ ಬೇಡ. ರೈಲು ಎರಡು ಗಂಟೆ ಲೇಟಾದ್ರೆ 64,000 ನೀರಲ್ಲಿ ಹೋಮ. ಒಂದು ರಾತ್ರಿ ನೆಂಟರ ಮನೆಯಲ್ಲೋ ಲಾಡ್ಜಲ್ಲೋ ಉಳಿಯೋ ಖರ್ಚು ಅದಕ್ಕಿಂತ ಕಡಿಮೆ.

ಒಟ್ಟು ಬಜೆಟ್‌ನ ಐದರಲ್ಲಿ ಒಂದು ಭಾಗ ಖರ್ಚಿಗಲ್ಲ, ತುರ್ತಿಗೆ ಅಂತ ಪಕ್ಕಕ್ಕಿಡಿ. ದೋಣಿ ರದ್ದಾದ್ರೆ ಎರಡು ರಾತ್ರಿ ಹೆಚ್ಚಿನ ರೂಮು, ಹೊಸ ಟಿಕೆಟ್, ಆಸ್ಪತ್ರೆ, ಎಲ್ಲ ಅದರಲ್ಲೇ. ಆ ಭಾಗ ಇಲ್ಲದೆ ಇಎಂಐ ಮೇಲೆ ದ್ವೀಪಕ್ಕೆ ಹೋಗೋದು ಅಂದ್ರೆ ಒಂದೇ ಅಲೆಗೆ ವರ್ಷದ ಉಳಿತಾಯ ಕೊಚ್ಚಿಹೋಗೋ ಕೆಲಸ.

ನಮ್ಮದೇ ಕಡಲಲ್ಲಿ ಒಂದು ದ್ವೀಪ

ವಿಮಾನವೇ ಬೇಡ, ಎರಡೇ ದೋಣಿಯಲ್ಲಿ ಮುಗೀಬೇಕು ಅನ್ನೋರಿಗೆ ಕರ್ನಾಟಕದಲ್ಲೇ ಉತ್ತರ ಇದೆ. ಉಡುಪಿ ಹತ್ರ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ದಡದಿಂದ ಸುಮಾರು 6 ಕಿಲೋಮೀಟರ್, ದೋಣಿಯಲ್ಲಿ ಅರ್ಧ ಗಂಟೆ ಆಸುಪಾಸು. ತೆಂಗಿನ ಮರ, ಚಿಪ್ಪು ತುಂಬಿದ ದಡ, ಉಷ್ಣವಲಯದ ದ್ವೀಪ ಅಂದ್ರೆ ಮಕ್ಕಳು ಬಿಡಿಸೋ ಚಿತ್ರ ಹೆಂಗಿರುತ್ತೋ ಹಂಗೇ.

ಆದ್ರೆ ಅದರ ನಿಜವಾದ ವಿಶೇಷ ಕಲ್ಲು. ಆರು ಮೂಲೆಯ ಕಂಬಗಳನ್ನ ಯಾರೋ ಜೋಡಿಸಿಟ್ಟ ಹಾಗೆ ನಿಂತಿವೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗ್ತಾ ಇದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಬಿರುಕು ಬಿಟ್ಟು ಆದ ಆಕಾರ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ನಮ್ಮ ಮಕ್ಕಳಿಗೆ ಇನ್ನೊಂದು ಮಾತನ್ನೂ ಹೇಳಬಹುದು. ಸಂಡೂರಿನ ನಮ್ಮ ಬೆಟ್ಟದ ಬಂಡೆಗಳು ಸುಮಾರು 270 ಕೋಟಿ ವರ್ಷ ಹಳೇವು. ಅಂದ್ರೆ ಆ ದ್ವೀಪದ ಕಂಬಗಳಿಗಿಂತ ಮೂವತ್ತು ಪಟ್ಟು ಹಳೇ ಕಲ್ಲಿನ ಪಕ್ಕದಲ್ಲಿ ನಾವು ದಿನಾ ಓಡಾಡ್ತೀವಿ.

ಯಶವಂತನಗರದಿಂದ ಉಡುಪಿ ಒಂದು ರಾತ್ರಿಯ ದಾರಿ. ಬಸ್ಸಲ್ಲಿ ಹೋದ್ರೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್‌ಗಳಲ್ಲಿ ಶಕ್ತಿ ಯೋಜನೆ ಇರೋದ್ರಿಂದ ಹೆಂಡತಿಗೂ ಅತ್ತೆಗೂ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್‌ಗೆ ಇದು ಅನ್ವಯ ಆಗಲ್ಲ. ಕಾರಲ್ಲಿ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯೋರು ಘಾಟಿಗೆ ಮುಂಚೆ ಮಕ್ಕಳಿಗೆ ಹೊಟ್ಟೆ ತುಂಬಾ ತಿನ್ನಿಸ್ಬೇಡಿ. ಆ ತಿರುವುಗಳಲ್ಲಿ ವಾಂತಿ ಮಾಡೋ ಮಗು ದೋಣಿಯಲ್ಲೂ ಮಾಡುತ್ತೆ. ಇದೊಂಥರಾ ಪರೀಕ್ಷೆ ಇದ್ದ ಹಾಗೆ. ಪ್ರಯಾಣದ ವಾಂತಿ 2ರಿಂದ 12 ವರ್ಷದ ಮಕ್ಕಳಿಗೆ ಜಾಸ್ತಿ, ಅದಕ್ಕಿಂತ ಚಿಕ್ಕವರಿಗೆ ಕಡಿಮೆ. ಅದಕ್ಕೆ ಔಷಧಿ ಇದೆ, ಆದ್ರೆ ಎಷ್ಟು ಕೊಡಬೇಕು ಅಂತ ಮಕ್ಕಳ ಡಾಕ್ಟರನ್ನ ಕೇಳಿ, ಮೆಡಿಕಲ್ ಶಾಪಲ್ಲಿ ಅಂದಾಜಿಗೆ ತಗೋಬೇಡಿ.

ಸೇಂಟ್ ಮೇರೀಸ್‌ನಲ್ಲಿ ರಾತ್ರಿ ಉಳಿಯೋಕೆ ಆಗಲ್ಲ. ಚಿಕ್ಕ ಮಕ್ಕಳಿರೋರಿಗೆ ಇದು ಅನುಕೂಲವೇ. ಎರಡು ಮೂರು ಗಂಟೆ ಇದ್ದು ಬಂದ್ರೆ ಸಾಕು. ರೂಮು ದಡದಲ್ಲಿರುತ್ತೆ, ಮಣಿಪಾಲದ ಆಸ್ಪತ್ರೆ ಹತ್ತಿರದಲ್ಲಿದೆ. ಆದ್ರೆ ಎಚ್ಚರ. ಅಲ್ಲಿನ ಬಂಡೆಗಳು ಚೂಪು, ಪಾಚಿ ಕಟ್ಟಿದ ಕಡೆ ಜಾರುತ್ತೆ, ದಡದ ಪಕ್ಕದಲ್ಲೇ ಆಳ ಇದೆ. 2022ರ ಏಪ್ರಿಲ್‌ನಲ್ಲಿ ಅಲ್ಲಿಗೆ ಪ್ರವಾಸ ಬಂದಿದ್ದ ಕೇರಳದ ಕಾಲೇಜು ವಿದ್ಯಾರ್ಥಿಗಳು ನೀರುಪಾಲಾದ್ರು. ಕಾವಲುಗಾರರು ಸೀಟಿ ಊದಿದ್ರೆ ಅದು ನಿಮ್ಮ ಫೋಟೋ ಹಾಳು ಮಾಡೋಕಲ್ಲ.

ಮುರುಡೇಶ್ವರದ ಎದುರಿಗಿರೋ ನೇತ್ರಾಣಿ ದ್ವೀಪದ ಬಗ್ಗೆಯೂ ಕೇಳ್ತೀರಿ. ಅದು ಸ್ಕೂಬಾ ಡೈವಿಂಗ್ ಜಾಗ, 10 ವರ್ಷದ ಕೆಳಗಿನವರಿಗೆ ಅಲ್ಲ.

ಲಕ್ಷದ್ವೀಪ: ಚಂದ, ಆದ್ರೆ ಕೊನೆಗೆ

ಪ್ರಧಾನಿ 2024ರ ಜನವರಿಯಲ್ಲಿ ಹೋಗಿ ಬಂದ್ಮೇಲೆ ಎಲ್ಲರ ಮೊಬೈಲಲ್ಲೂ ಲಕ್ಷದ್ವೀಪ. ನಮಗೂ ಅದಕ್ಕೂ ಹಳೇ ಸಂಬಂಧ ಇದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಇರೋ ಉತ್ತರದ ಅಮಿನಿದೀವಿ ಗುಂಪು ಟಿಪ್ಪು ಸುಲ್ತಾನನ ಕೈಯಲ್ಲಿತ್ತು. 1799ರ ನಂತರ ಬ್ರಿಟಿಷರ ಕೈಗೆ ಹೋಗಿ, 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಜೊತೆಗೇ ಇತ್ತು.

ಅಲ್ಲಿಗೆ ಹೋಗೋಕೆ ಭಾರತೀಯರಿಗೂ ಮೊದಲೇ ಪ್ರವೇಶ ಪರವಾನಗಿ ಬೇಕು. ಕೊಚ್ಚಿಯಿಂದ ಹಡಗು, ಇಲ್ಲಾಂದ್ರೆ ಅಗತ್ತಿಗೆ ವಿಮಾನ. ಹಡಗು ಒಂದು ರಾತ್ರಿ ಹಿಡಿಯುತ್ತೆ. ಮಕ್ಕಳಿರೋರಿಗೆ ಕಷ್ಟ ಅನ್ನಿಸೋದು ಹಡಗಿನ ಪ್ರಯಾಣ ಅಲ್ಲ, ಅದರಿಂದ ಇಳಿಯೋದು. ಎಷ್ಟೋ ಕಡೆ ಹಡಗು ದೂರದಲ್ಲೇ ಲಂಗರು ಹಾಕುತ್ತೆ, ಅಲ್ಲಾಡೋ ಹಡಗಿನಿಂದ ಅಲ್ಲಾಡೋ ಚಿಕ್ಕ ದೋಣಿಗೆ ಹೆಜ್ಜೆ ಇಡಬೇಕು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬ್ಯಾಗು ಇದ್ರೆ ಅದು ಆಗದ ಮಾತು. ದೊಡ್ಡ ಕಾಯಿಲೆ ಬಂದ್ರೆ ರೋಗಿಯನ್ನ ಹೆಲಿಕಾಪ್ಟರಲ್ಲಿ ಕೊಚ್ಚಿಗೆ ಸಾಗಿಸ್ತಾರೆ. ಮಕ್ಕಳಿಗೆ ಏಳೆಂಟು ವರ್ಷ ಆಗಲಿ, ಆಮೇಲೆ ಹೋಗಿ. ಇನ್ನು ಮಾಲ್ಡೀವ್ಸ್ ಅನ್ನೋರಿಗೆ ಒಂದೇ ಮಾತು: ಕೈಗೂಸಿಗೂ ಪಾಸ್‌ಪೋರ್ಟ್ ಬೇಕು.

ಯಾವ ತಿಂಗಳು?

ಇಲ್ಲಿ ನಮ್ಮ ಶಾಲೆಯ ರಜೆಗೂ ಸಮುದ್ರಕ್ಕೂ ಹೊಂದಾಣಿಕೆ ಆಗಲ್ಲ. ದಸರಾ ರಜೆಯಲ್ಲಿ, ಅಂದ್ರೆ ಅಕ್ಟೋಬರ್‌ನಲ್ಲಿ, ಅಂಡಮಾನ್‌ನಲ್ಲಿ ಇನ್ನೂ ಮಳೆ ಇರುತ್ತೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳೋ ಕಾಲವೂ ಅದೇ. ಮಲ್ಪೆಯಲ್ಲಿ ಮಾತ್ರ ಮಳೆಗಾಲಕ್ಕೆ ನಿಂತ ದೋಣಿಗಳು ಆಗ ಮತ್ತೆ ಶುರುವಾಗಿರ್ತವೆ. ಸುಮಾರು ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಅಲ್ಲಿ ದ್ವೀಪಯಾನ ಬಂದ್. ಹಂಗಾಗಿ ದಸರಾ ರಜೆಗೆ ಮಲ್ಪೆ. ಬೇಸಿಗೆ ರಜೆಯ ಮೊದಲ ಎರಡು ವಾರ, ಏಪ್ರಿಲ್‌ನಲ್ಲಿ, ಅಂಡಮಾನ್. ಸೆಕೆ ಇರುತ್ತೆ, ಕಡಲು ಸಾಮಾನ್ಯವಾಗಿ ಶಾಂತ. ಶಾಲೆಗೆ ಇನ್ನೂ ಸೇರದ ಮಕ್ಕಳಿದ್ರೆ ಜನವರಿಯಿಂದ ಮಾರ್ಚ್ ಎಲ್ಲಕ್ಕಿಂತ ಒಳ್ಳೇದು.

ನೀರು, ಬಿಸಿಲು, ಜಾಕೆಟ್

ನಮ್ಮ ಕಡೆ ಮಕ್ಕಳಿಗೆ ಬಿಸಿಲು ಅಭ್ಯಾಸ ಅಂತ ಅಂದ್ಕೋಬೇಡಿ. ಬಳ್ಳಾರಿ ಬಿಸಿಲು ಒಣ ಬಿಸಿಲು, ಬೆವರು ಆರುತ್ತೆ, ಮೈ ತಣ್ಣಗಾಗುತ್ತೆ. ದ್ವೀಪದಲ್ಲಿ 31, 32 ಡಿಗ್ರಿ ಅಷ್ಟೇ ಇದ್ರೂ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರಲ್ಲ. ಮಗು ಬೇಗ ಸುಸ್ತಾಗುತ್ತೆ. 6 ತಿಂಗಳ ಒಳಗಿನ ಕೂಸಿಗೆ ಸನ್‌ಸ್ಕ್ರೀನ್ ಬದಲು ನೆರಳು, ಟೋಪಿ, ತೆಳುವಾದ ತುಂಬುತೋಳಿನ ಬಟ್ಟೆ. ದೊಡ್ಡ ಮಕ್ಕಳಿಗೂ 10ರಿಂದ 4ರವರೆಗೆ ಬೀಚ್ ಬೇಡ. ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರು ಬರೆದಿದೆಯೋ ಅಷ್ಟಕ್ಕೇ ಕಲಸಿ. ಒಂದು ಲೀಟರಿನ ಪೊಟ್ಟಣವನ್ನ ಒಂದು ಲೋಟಕ್ಕೆ ಹಾಕಿದ್ರೆ ಉಪಯೋಗಕ್ಕಿಂತ ಅಪಾಯ ಹೆಚ್ಚು.

ತುಂಗಭದ್ರಾ ಕಾಲುವೆಯಲ್ಲಿ ಈಜು ಕಲಿತ ಅಪ್ಪಂದಿರಿಗೆ ವಿಶೇಷ ಸೂಚನೆ. ಕಾಲುವೆ ನೀರು ಒಂದೇ ದಿಕ್ಕಿಗೆ ಹರಿಯುತ್ತೆ. ಕಡಲಲ್ಲಿ ದಡಕ್ಕೆ ಬಂದ ಅಲೆ ವಾಪಸ್ ಹೋಗುವಾಗ ಒಂದು ಕಡೆ ಸೇರ್ಕೊಂಡು ಒಳಕ್ಕೆ ಎಳೆಯುತ್ತೆ. ಮಗು ಜೊತೆಗಿದ್ದಾಗ ಮಗುವಿನ ಮೊಣಕಾಲಿಗಿಂತ ಮೇಲೆ ನೀರು ಬೇಡ. ಮುಳುಗೋ ಮಗು ಸಿನಿಮಾದಲ್ಲಿ ತೋರಿಸೋ ಹಾಗೆ ಕೂಗಲ್ಲ, ಸದ್ದಿಲ್ಲದೆ ಮುಳುಗುತ್ತೆ. ಅದಕ್ಕೆ ಒಂದು ಪದ್ಧತಿ ಮಾಡ್ಕೊಳ್ಳಿ. ದೊಡ್ಡವರಲ್ಲಿ ಒಬ್ಬರಿಗೆ ಅರ್ಧ ಗಂಟೆ ‘ನೀರಿನ ಪಾಳಿ’. ಆ ಹೊತ್ತಲ್ಲಿ ಫೋನ್ ಬೇರೆಯವರ ಕೈಯಲ್ಲಿ. ಕೈಗೆ ಸಿಗೋ ದೂರದಲ್ಲೇ ಮಗು. ಅರ್ಧ ಗಂಟೆ ಆದ್ಮೇಲೆ ಪಾಳಿ ಬದಲು. ಹಂಗೆ ಮಾಡಿದ್ರೆ ಅಮ್ಮನಿಗೂ ಅರ್ಧ ಗಂಟೆ ಸಮುದ್ರ ನೋಡೋಕೆ ಸಿಗುತ್ತೆ.

ಲೈಫ್ ಜಾಕೆಟ್ ಹಾಕ್ಸಿದ್ಮೇಲೆ ಒಂದು ಪರೀಕ್ಷೆ. ಎರಡೂ ಭುಜದ ಹತ್ರ ಜಾಕೆಟ್ ಹಿಡಿದು ಮೇಲಕ್ಕೆ ಎತ್ತಿ. ಅದು ಕಿವಿ ತನಕ ಬಂತು ಅಂದ್ರೆ ಆ ಜಾಕೆಟ್ ಮಗುವಿಗೆ ದೊಡ್ಡದು, ನೀರಿಗೆ ಬಿದ್ರೆ ಕಳಚಿ ಹೋಗುತ್ತೆ. ಮಕ್ಕಳ ಅಳತೆಯದು ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಇಲ್ಲ ಅಂದ್ರೆ ಆ ದೋಣಿ ಬಿಡಿ. ಚಿಕ್ಕ ದೋಣಿಯಲ್ಲಿ ಕೂಸನ್ನ ಬಟ್ಟೆಯಲ್ಲೋ ಬೆಲ್ಟ್‌ನಲ್ಲೋ ಮೈಗೆ ಕಟ್ಕೋಬೇಡಿ. ದೋಣಿ ಮಗುಚಿದ್ರೆ ಬಿಚ್ಚೋಕೆ ಸಮಯ ಇರಲ್ಲ. ಈ ಮಾತು ಹಂಪಿಯ ಹರಗೋಲಿಗೂ ಅನ್ವಯ.

ಕೊನೆಗೆ, ಅಂಡಮಾನ್ ದಡದಲ್ಲಿ ಸಿಗೋ ಹವಳದ ತುಂಡನ್ನ ಮಗು ಜೇಬಿಗೆ ಹಾಕ್ಕೊಳ್ಳುತ್ತೆ. ವಾಪಸ್ ಇಡಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೂ ಹುಲಿಯಂತೆ ರಕ್ಷಣೆ ಇದೆ.

ಹಂಗಾದ್ರೆ ಹೋಗ್ಬೇಕಾ?

ಹೋಗಿ. ಮಗುವಿನ ವಯಸ್ಸು ನೋಡಿ ದೋಣಿ ಎಣಿಸಿ. 2 ವರ್ಷದೊಳಗೆ ಇದ್ರೆ ಮಲ್ಪೆ, ಎರಡು ದೋಣಿ, ರಾತ್ರಿ ದಡದಲ್ಲಿ. 2ರಿಂದ 5 ಇದ್ರೆ ಅಂಡಮಾನ್‌ಗೆ ಹೋಗಬಹುದು, ಆದ್ರೆ ಒಂದೇ ದ್ವೀಪ, ಒಂದೇ ರೂಮು, ಎರಡು ದೋಣಿ. 5 ದಾಟಿದ್ರೆ ಇನ್ನೊಂದು ದ್ವೀಪ ಸೇರಿಸಿ, ಮೂರು. ಏಜೆಂಟ್ ಪ್ಯಾಕೇಜ್ ಕಳಿಸಿದ ತಕ್ಷಣ ಪಿಡಿಎಫ್ ತೆಗೆದು ದೋಣಿಗಳ ಮೇಲೆ ಒಂದೊಂದು ಗೆರೆ ಹಾಕಿ. ಎಂಟು ಬಂದ್ರೆ ‘ಐದು ಕಡಿಮೆ ಮಾಡಿ, ಅದೇ ದುಡ್ಡಿಗೆ ಒಳ್ಳೇ ರೂಮ್ ಕೊಡಿ’ ಅಂತ ಕೇಳಿ. ಕೇಳೋಕೆ ಏನೂ ಖರ್ಚಿಲ್ಲ.

ಯಾಕಂದ್ರೆ ಮಗುವಿಗೆ ಎಷ್ಟು ದ್ವೀಪ ನೋಡಿದೆ ಅನ್ನೋದು ನೆನಪಿರಲ್ಲ. ಮರಳಲ್ಲಿ ತೋಡಿದ ಗುಂಡಿಗೆ ನೀರು ತಾನಾಗೇ ಬಂದಿದ್ದು ನೆನಪಿರಬಹುದು. ಆ ಗುಂಡಿ ತೋಡೋಕೆ ಸಮಯ ಬೇಕು, ಪಕ್ಕದಲ್ಲಿ ಕೂರೋ ಅಪ್ಪ ಅಮ್ಮ ಬೇಕು. ಮುಂದಿನ ದೋಣಿಯ ಟೈಮ್ ನೋಡ್ತಾ ನಿಂತಿರೋರಿಗೆ ಅದು ಆಗಲ್ಲ.

ನೀವು ಮಕ್ಕಳ ಜೊತೆ ದ್ವೀಪಕ್ಕೆ ಹೋಗಿ ಬಂದಿದ್ರೆ ನಿಮ್ಮ ದೋಣಿ ಲೆಕ್ಕ ಎಷ್ಟಾಯ್ತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಟ್ರಿಪ್ ರದ್ದಾದ್ರೆ ದುಡ್ಡು ಎಷ್ಟು ವಾಪಸ್ ಬರುತ್ತೆ ಅನ್ನೋ ಲೆಕ್ಕ ಮಾಡೋಣ. ಅಲ್ಲೀವರೆಗೂ ಹುಷಾರಾಗಿರಿ. ನಮಸ್ಕಾರ.